ಅಪ್ಪಯ್ಯ ಹೇಳಿದ ಟ್ಯಾಂಕು

ಕುಂದಾಪುರದ ಕಾಲೇಜೊಂದರಲ್ಲಿ ಇಂಗ್ಲಿಷ್ ಪಾಠ ಮಾಡುವ ವಿಜೇತಾಗೆ ಮಧ್ಯಾಹ್ನ ಅಮ್ಮ ವನಜ ಫೋನು ಮಾಡಿದಳು. ಊಟಕ್ಕೆ ಕರೆಯಲು ಹೋದರೆ ಜಗಲಿಯಲ್ಲಿ ಅಪ್ಪಯ್ಯ ಇಲ್ಲವಂತೆ. ಅಪ್ಪಯ್ಯ ದುಗ್ಗಪ್ಪನವರಿಗೆ ಈಚೆಗೆ ಮರೆವು. ಮಗಳ ಹೆಸರಿಗೂ ತಡಕಾಡುತ್ತಿದ್ದರು. ವಿಜೇತಾ ಬಿಡದೆ ಕರೆ ಮಾಡಿದ ಮೇಲೆ ಒಮ್ಮೆ ಎತ್ತಿದರು.

"ನಾನ್ ಈಗ ಟ್ಯಾಂಕಿನ್ ಹತ್ರ ಇದ್ದೆ."

ಅಷ್ಟಕ್ಕೇ ಫೋನು ಸತ್ತಿತು.

ಅವಳು ಸ್ಕೂಟರ್ ಹತ್ತಿ ಕೋಡಿ ದಾರಿಯ ನೀರಿನ ಟ್ಯಾಂಕಿಗೆ ಓಡಿದಳು. ಏಣಿ ಹತ್ತಿರಬಹುದೇ ಎಂದು ಕತ್ತೆತ್ತಿ ನೋಡಿದಳು. ಯಾರೂ ಇರಲಿಲ್ಲ. ಪೇಟೆಯ ಟ್ಯಾಂಕಿನ ಬುಡದಲ್ಲೂ ಇಲ್ಲ. ಹಾಲಾಡಿಯ ಅತ್ತೆ ಅಲ್ಲಿನ ಟ್ಯಾಂಕನ್ನು ನೋಡಿ ಬಂದು ಫೋನಿನಲ್ಲಿ ಇಲ್ಲವೆಂದಳು. ನಿಂತಲ್ಲಿ ನಿಲ್ಲಲಾಗದೆ ಮತ್ತೆ ಅಮ್ಮನಿಗೆ ಫೋನು ಮಾಡಿದರೆ, ಬೆಳಿಗ್ಗೆಯಿಂದ ಗೊವಾಲಿಯಾ ಟ್ಯಾಂಕ್ ಎಂದು ಗೊಣಗುತ್ತಿದ್ದರು ಎಂದಳು.

ಅದು ಮುಂಬೈಯಲ್ಲಿ ಅಪ್ಪಯ್ಯ ಹರೆಯದಲ್ಲಿ ಹೋಟೆಲ್ ಕೆಲಸಕ್ಕಿದ್ದ ಜಾಗ. ಹೆಸರಿಗೆ ಟ್ಯಾಂಕ್, ಇರುವುದು ಬರೀ ಮೈದಾನ. ಹಿಂದೆ ಗೊಲ್ಲರು ದನಕ್ಕೆ ನೀರು ಕುಡಿಸುತ್ತಿದ್ದ ಕೆರೆಯಿತ್ತು, ಮುಚ್ಚಿಬಿಟ್ಟರು ಎಂದು ಹೋಟೆಲಿನ ಧಣಿ ಹೇಳಿದ್ದನ್ನು ಅವರು ಮನೆಯಲ್ಲಿ ಎಷ್ಟೋ ಸಲ ಹೇಳಿದ್ದರು.

ವಿಜೇತಾಗೆ ಒಮ್ಮೆಲೇ ಹೊಳೆಯಿತು. ಇಲ್ಲಿಗೆ ಬಂದ ಇಂಗ್ಲಿಷರು ಟ್ಯಾಂಕ್ ಎಂದದ್ದು ನಮ್ಮ ಕೆರೆಗೇ. ಆ ಮಾತು ಗುಜರಾತಿ, ಮರಾಠಿಯ ಟಾಂಕಿಯಿಂದ ಬಂತು ಎನ್ನುವವರಿದ್ದಾರೆ. ಕೊಳಕ್ಕೆ ಪೋರ್ಚುಗೀಸರಲ್ಲಿದ್ದ ಮಾತಿನಿಂದ ಎನ್ನುವವರೂ ಇದ್ದಾರೆ. ಯಾರದ್ದಾದರೂ ಸರಿ, ತಾನು ಹುಡುಕುತ್ತಿದ್ದದ್ದು ಕಂಬದ ಮೇಲಿನ ನೀರನ್ನು, ಅಪ್ಪಯ್ಯ ನೆಲದ ನೀರಿನ ಹತ್ತಿರ ಇದ್ದಾರೆ.

ದನ ಇಳಿಯುವ ಕೆರೆ ಅವರು ಹುಟ್ಟಿದೂರಲ್ಲಿತ್ತು, ಬೈಂದೂರಿನ ಹತ್ತಿರ. ಬಸ್ಸು ಹತ್ತಿ ಅಲ್ಲಿಗೇ ಹೋಗಿರಬೇಕು. ಹೆದ್ದಾರಿಯುದ್ದಕ್ಕೂ ಎದುರಾದ ಪ್ರತಿ ಬಸ್ಸಿನ ಕಿಟಕಿಗಳನ್ನು ನೋಡುತ್ತ ಹೋದಳು.

ಅಪ್ಪಯ್ಯ ಮೊಣಕಾಲು ಮಟ್ಟದ ನೀರಲ್ಲಿ ನಿಂತಿದ್ದರು. ಅವಳು ಚಪ್ಪಲಿಯಲ್ಲೇ ಇಳಿದು ಕೈ ಹಿಡಿದಳು.

"ಅಪ್ಪಯ್ಯ, ಮನಿಗ್ ಹ್ವಾಪ."

"ಗಂಟಿ ನೀರ್ ಕುಡುದ್ ಆಯ್ಲಿ. ಬಿಟ್ಟಿಕ್ ಬಂದ್ರೆ ಅಪ್ಪ ಹೊಡಿತ್ರ್."

ಕೆರೆಯಲ್ಲಿ ಒಂದು ದನವೂ ಇರಲಿಲ್ಲ. ಬೇರೆ ದಿನವಾದರೆ ಅವಳು ತಿದ್ದುತ್ತಿದ್ದಳು.

"ಎಲ್ಲ ಕುಡುದ್ ಮನಿಗ್ ಹ್ವಾದೋ," ಎಂದಳು.

ಅವರು ಖಾಲಿ ದಾರಿಯನ್ನು ದಿಟ್ಟಿಸಿದರು. ಬಿಳಿ ಹೋರಿಯೂ ಹೋಯಿತೇ ಎಂದು ಕೇಳಿದರು. ಹೌದೆಂದಾಗ ಮೇಲೆ ಬಂದು ಸ್ಕೂಟರ್ ಏರಿದರು.

ಅವರನ್ನು ಕಂಡದ್ದೇ ವನಜ ಕೂತು ಅತ್ತುಬಿಟ್ಟಳು. ಆಮೇಲೆ ಗೇಟಿಗೆ ಬೀಗ ಹಾಕಲೇಬೇಕೆಂದಳು. ವಿಜೇತಾ ಸಂಜೆ ಪೇಟೆಯಿಂದ ಬೀಗ ತಂದಳು. ಜಗಲಿಯಲ್ಲಿ ಅಪ್ಪಯ್ಯ ಕಾಲು ಅಲ್ಲಾಡಿಸುತ್ತ ಗೇಟನ್ನೇ ನೋಡುತ್ತ ಕೂತಿದ್ದರು. ಅವಳು ಬೀಗ ಕೈಯಲ್ಲಿ ಹಿಡಿದು ಅಂಗಳ ದಾಟಿ ಗೇಟಿನವರೆಗೆ ಹೋದಳು, ಹಾಕದೆ ಬಂದಳು, ಮತ್ತೆ ಹೋದಳು.