ಹೊರಗೆ ಹಾಕಿದ ಸಸಿಗಳು

ಆ ಮನೆಯಲ್ಲಿ ಕೈಗುಣ ಎಂದರೆ ಅತ್ತೆಯದು. ಒಣಕಡ್ಡಿಯನ್ನು ಮಣ್ಣಿಗೆ ಚುಚ್ಚಿ ಬೆನ್ನು ತಿರುಗಿಸಿದರೆ ಸಾಕು, ಅದು ಚಿಗುರುತ್ತಿತ್ತು. ಚಿಗುರದಿದ್ದರೆ ಅದು ಕಡ್ಡಿಯ ತಪ್ಪು. ಸೊಸೆಯ ಕೈಗುಣವೂ ಅಷ್ಟೇ ಪ್ರಸಿದ್ಧವಾಗಿತ್ತು, ಬೇರೆ ಬಗೆಯಲ್ಲಿ. ಮದುವೆಯಾಗಿ ಬಂದ ಹೊಸದರಲ್ಲಿ, ಯಾರೂ ನೀರು ಹಾಕದಿದ್ದರೂ ಬದುಕುವ ಪಾಪಾಸುಕಳ್ಳಿಯನ್ನು ಅವಳು ಸಾಯಿಸಿದ್ದಳು. ಅಂದಿನಿಂದ ಮೈದುನ ಅವಳನ್ನು ಕರೆಯುವುದೇ ‘ಕಳ್ಳಿ ಅತ್ತಿಗೆ’ ಎಂದು. ಹಿನ್ನೆಲೆ ಗೊತ್ತಿಲ್ಲದ ನೆಂಟರು, ಪಾಪ ಇವಳು ಏನು ಕದ್ದಳೋ ಎಂದು ಒಮ್ಮೆ ದಿಟ್ಟಿಸಿ ನೋಡಿ, ತಮ್ಮ ಚೀಲವನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತಿದ್ದರು.

ಅವಳು ನಕ್ಕು ಸುಮ್ಮನಾಗುತ್ತಿದ್ದಳು. ಒಳಗೊಳಗೇ ಉರಿಯುತ್ತಿತ್ತು. ಕನ್ನಡಕದಂಗಡಿಯಲ್ಲಿ ಚೌಕಟ್ಟಿಗೆ ಗಾಜು ಕೂರಿಸುವುದು ಅವಳ ಕೆಲಸ. ಎಳ್ಳಿನಷ್ಟು ಸಣ್ಣ ತಿರುಪನ್ನು ಮಾತಾಡಿಸಿ ಒಲಿಸಿಕೊಳ್ಳುವ ಕೈಗೆ ಒಂದು ಗಿಡ ಒಲಿಯುವುದಿಲ್ಲವೆಂದರೆ ಅದೆಂಥ ನ್ಯಾಯ?

ಹೀಗಿರುವಾಗ ಮೈದುನ ಒಂದು ಹಳೆಯ ಕಾರು ಕೊಂಡ. ಗೇಟಿನಿಂದ ಮೆಟ್ಟಿಲವರೆಗೆ ಖಾಲಿ ಬಿದ್ದಿದ್ದ ಮಣ್ಣಿನ ಪಟ್ಟಿಗೆ ಸಿಮೆಂಟು ಬಳಿದರೆ ಕಾರಿಗೆ ಜಾಗವಾಗುತ್ತದೆ ಎಂದ. ಪಕ್ಕದ ಮನೆಗೆ ಮಹಡಿ ಕಟ್ಟುತ್ತಿದ್ದ ಗಾರೆಯವನ ಜೊತೆ ಮಾತನ್ನೂ ಆಡಿ ಬಂದಿದ್ದ.

“ಬೇಡ, ನಾನಲ್ಲಿ ಹೂ ಬೆಳೆಸ್ತೀನಿ” ಎಂದಳು ಅವಳು. ಅಂದ ಮೇಲೆ ಅವಳಿಗೇ ಆಶ್ಚರ್ಯವಾಯಿತು.

ಮೈದುನ ನಗು ತಡೆಯಲಾರದೆ ನೀರಿನ ಲೋಟ ಕೆಳಗಿಟ್ಟ. ಗಂಡ ಎರಡೂ ಕಡೆಯವರಿಗೆ ಬೇಕಾದವನು; ಪೇಪರಿನ ಹಿಂದೆ ಅಡಗಿದ. ಅತ್ತೆ ಮಾತ್ರ ಮರುಕದಿಂದಲೇ ಹೇಳಿದಳು, “ನಿನ್ನ ಕೈಯಲ್ಲಿ ಆಗಲ್ಲಮ್ಮ. ಕೈಗುಣ ಅನ್ನೋದು ಹುಟ್ಟಿನಿಂದ ಬರಬೇಕು.”

ಆ ಮರುಕವೇ ಅವಳಿಗೆ ಚುಚ್ಚಿದ್ದು. ಗೇಲಿಯನ್ನಾದರೂ ತಡೆದುಕೊಳ್ಳಬಹುದು.

ಕೊನೆಗೆ ಮಾವ ನಶ್ಯ ಏರಿಸಿ ತೀರ್ಪು ಕೊಟ್ಟರು. “ಗಾರೆಯವನು ಅಲ್ಲಿ ಮುಗಿಸ್ಕೊಂಡು ಇಲ್ಲಿಗೆ ಬರೋ ಹೊತ್ತಿಗೆ ಹೂ ಬಿಟ್ಟಿದ್ರೆ ಮಣ್ಣು ಇವಳದು. ಇಲ್ದಿದ್ರೆ ಸಿಮೆಂಟು. ಇನ್ನು ಯಾರೂ ಕಿತ್ತಾಡಬೇಡಿ.”

ಹೊರಗೆ ಇನ್ನೂ ಚಳಿಗಾಳಿ, ಸಾಲದ್ದಕ್ಕೆ ಬಸವನಹುಳುಗಳ ಕಾಟ. ಬೀಜವನ್ನು ಒಳಗೇ ಮೊಳೆಸಬೇಕಿತ್ತು. ಅವಳು ತಂದದ್ದು ಪೆಟೂನಿಯಾ ಹೂವಿನ ಬೀಜ. ಅದು ಎಷ್ಟು ಸಣ್ಣದೆಂದರೆ ಥೇಟ್ ನಶ್ಯ. ಮಾವನ ಡಬ್ಬಿಯನ್ನು ಬೇರೆ ಕೋಣೆಗೆ ಸಾಗಿಸಿ, ಮನೆಯಲ್ಲಿ ಯಾರೂ ಸೀನಬಾರದೆಂದು ಹೇಳಿ, ಉಸಿರು ಬಿಗಿಹಿಡಿದು, ಗಾಜು ಹಿಡಿಯುವ ಚಿಮುಟದ ತುದಿಯಿಂದ ಬೀಜಗಳನ್ನು ಗುಂಡಿಗುಂಡಿಯ ಟ್ರೇಗಳಲ್ಲಿ ಉದುರಿಸಿದಳು. ಮೇಲೆ ಮಣ್ಣು ಮುಚ್ಚಲಿಲ್ಲ. ಈ ಬೀಜಕ್ಕೆ ಬೆಳಕು ಕಂಡರೇ ಎಚ್ಚರ.

“ಬೀಜ ಅಂದ್ಮೇಲೆ ಮಣ್ಣು ಮುಚ್ಚಬೇಕು. ಹಾಗೇ ಬಿಟ್ರೆ ಹುಟ್ಟುತ್ತಾ?” ಎಂದು ಅತ್ತೆ ಮೂಗು ಮುರಿದಳು.

ಕಳ್ಳಿ ಯಾಕೆ ಸತ್ತಿತೆಂದು ಸೊಸೆ ಎಷ್ಟೋ ಸಲ ಯೋಚಿಸಿದ್ದಳು. ಕೊಂದದ್ದು ಕೈಯಲ್ಲ, ನೀರು. ಪ್ರೀತಿ ಹೆಚ್ಚಾಗಿ ದಿನಾ ಚೊಂಬು ಚೊಂಬು ಸುರಿದಿದ್ದಳು. ಈ ಸಲ ಕನ್ನಡಕ ಒರೆಸುವಾಗ ಬಳಸುವಂಥದೇ ಒಂದು ಪುಟ್ಟ ಸಿಂಪಡಿಕೆ ಬಾಟಲಿಗೆ ಬರೀ ನೀರು ತುಂಬಿ, ಮಂಜಿನ ಹಾಗೆ ಸಿಂಪಡಿಸಿದಳು. ಟ್ರೇಗಳನ್ನು ಕಿಟಕಿಯ ಬೆಳಕು ಬೀಳುವ ಫ್ರಿಜ್ಜಿನ ಬೆಚ್ಚನೆಯ ತಲೆಯ ಮೇಲೆ ಇಟ್ಟಳು.

ಒಂದು ಬೆಳಿಗ್ಗೆ ಅಂಗಡಿಯ ಭೂತಗನ್ನಡಿ ಹಿಡಿದು ನೋಡಿದರೆ ಹಸಿರು ಚುಕ್ಕೆಗಳು. ಒಂದೊಂದಕ್ಕೂ ಎರಡೆರಡು ಎಲೆ. ಅವಳು ಸ್ಟೂಲಿನ ಮೇಲೆ ನಿಂತಲ್ಲೇ ನಿಂತುಬಿಟ್ಟಳು. ಕಣ್ಣು ತುಂಬಿತು. ಹಾಲು ಉಕ್ಕಿ ಒಲೆಯ ಮೇಲೆ ಹರಿದದ್ದೂ ಗೊತ್ತಾಗಲಿಲ್ಲ. ಅಂದು ಬೈಗುಳ ತಿಂದರೂ ಅವಳಿಗೆ ಸಿಹಿಯಾಗಿಯೇ ಇತ್ತು.

ಸಸಿಗಳು ಬಲಿತು ಹೊಸ ಎಲೆ ಬಿಟ್ಟವು. ಅಷ್ಟರಲ್ಲಿ ಬಿಸಿಲೂ ಹದವಾಯಿತು. ಒಳಗೆ ಬೆಳೆದ ಸಸಿಯನ್ನು ಒಮ್ಮೆಲೇ ಬಯಲಿಗೆ ನೆಟ್ಟರೆ ಸೊರಗಿ ಹೋಗುತ್ತದೆ; ದಿನಾ ಸ್ವಲ್ಪ ಹೊತ್ತು ಹೊರಗಿಟ್ಟು ಗಾಳಿಬಿಸಿಲಿನ ರೂಢಿ ಮಾಡಿಸಬೇಕು. ಅವಳು ಅಂಗಡಿಯಿಂದ ಮನೆಗೆ ಫೋನು ಮಾಡಿದಳು. ಎತ್ತಿದವನು ಮೈದುನ.

“ಬಿಸಿಲು ಚೆನ್ನಾಗಿದೆ ಕಣೋ. ಆ ಟ್ರೇಗಳನ್ನ ಹೊರಗೆ ಹಾಕಿಬಿಡು.”

“ಹೊರಗೆ ಹಾಕ್ಲಾ? ಎಲ್ಲಾನೂ?”

“ಎಲ್ಲಾನೂ.”

ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಅತ್ತಿಗೆ ಸೋಲೊಪ್ಪಿಕೊಂಡಳೆಂದೇ ಅವನು ತಿಳಿದ. ಸ್ವಲ್ಪ ಪಾಪವೂ ಅನ್ನಿಸಿತು. ಹೇಳಿದ ಕೆಲಸವನ್ನು ಜೀವಮಾನದಲ್ಲಿ ಮೊದಲ ಬಾರಿಗೆ ತಕ್ಷಣ ಮಾಡಿದ.

ಸಂಜೆ ಅವಳು ಬಂದಾಗ ಫ್ರಿಜ್ಜಿನ ತಲೆ ಖಾಲಿ. ಹೊರಗೂ ಟ್ರೇ ಕಾಣಲಿಲ್ಲ.

“ನೀವು ಹೇಳಿದ ಹಾಗೆ ಹೊರಗೆ ಹಾಕಿದೆ ಅತ್ತಿಗೆ. ಗೇಟಿನ ಹತ್ರ ಮರಳ ಗುಡ್ಡೆ ಮೇಲೆ ಸುರಿದುಬಿಟ್ಟೆ. ಟ್ರೇಗಳನ್ನ ತೊಳೆದೂ ಇಟ್ಟಿದ್ದೀನಿ” ಎಂದ ಮೈದುನ, ಶಭಾಷ್‌ಗಿರಿ ಸಿಗುವ ನಿರೀಕ್ಷೆಯಲ್ಲಿ.

ಅವಳಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಮೈದುನನ ಮೇಲೆ, ತನ್ನ ಮಾತಿನ ಮೇಲೆ, ಹೊರಗೆ ಇಡುವುದಕ್ಕೂ ಹೊರಗೆ ದಬ್ಬುವುದಕ್ಕೂ ಒಂದೇ ಪದ ಇಟ್ಟುಕೊಂಡ ಪುಣ್ಯಾತ್ಮರ ಮೇಲೆ. ಕೈಚೀಲವನ್ನು ಅಲ್ಲೇ ಎಸೆದು ಗೇಟಿಗೆ ಓಡಿದಳು.

ಗಾರೆಯವನು ರಾಶಿ ಹಾಕಿದ್ದ ಮರಳಿನ ಮೇಲೆ ಸಸಿಗಳು ಚೆಲ್ಲಾಪಿಲ್ಲಿಯಾಗಿ ಬಿದ್ದಿದ್ದವು. ಮೇಲಿನವು ಬಾಡಿ ನೂಲಾಗಿದ್ದವು. ಬೆರಳು ಹಾಕಿ ಕೆದಕಿದಳು. ಅಡಿಯ ಮರಳು ತೇವವಾಗಿತ್ತು, ಅದರಲ್ಲಿ ಹೂತ ಬೇರುಗಳು ಇನ್ನೂ ಬೆಳ್ಳಗೆ ಬದುಕಿದ್ದವು. ಇನ್ನು ರೂಢಿ ಮಾಡಿಸಲು ಕಾಲವಿರಲಿಲ್ಲ. ಸೆರಗು ಸಿಕ್ಕಿಸಿ ಅಲ್ಲೇ ಕುಳಿತು, ಒಂದೊಂದನ್ನೂ ಎಲೆಯ ಅಂಚು ಹಿಡಿದು ಎತ್ತಿ, ಪಟ್ಟಿಯ ಮಣ್ಣಿನಲ್ಲಿ ಬೆರಳಿಂದ ಗುಳಿ ಮಾಡಿ ನೆಡತೊಡಗಿದಳು.

ಅತ್ತೆಯ ಮನಸ್ಸು ಕರಗಿತು. ಮಂಡಿ ನೋವನ್ನೂ ಲೆಕ್ಕಿಸದೆ ಬಂದು, “ನೀನು ಗೇಟಿನ ಕಡೆಯಿಂದ ಬಾ, ನಾನು ಮೆಟ್ಟಿಲ ಕಡೆಯಿಂದ ಬರ್ತೀನಿ” ಎಂದಳು. ಕುಳಿತವಳೇ ಸಸಿಯ ಕುತ್ತಿಗೆ ಹಿಡಿದಳು.

“ಕಾಂಡ ಹಿಡೀಬೇಡಿ ಅತ್ತೆ. ಎಳೇದು, ನಜ್ಜಿದ್ರೆ ಮುಗೀತು. ಎಲೆ ಹಿಡೀರಿ. ಒಂದು ಎಲೆ ಹೋದ್ರೆ ಇನ್ನೊಂದು ಬರುತ್ತೆ.”

“ನನಗೆ ಹೇಳಿಕೊಡ್ತೀಯಾ ನೀನು?”

ಅತ್ತೆ ಬುಡವನ್ನು ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿ, ಮೇಲೆ ಕೊಡದಿಂದಲೇ ನೀರು ಹಾಕಿದಳು. ಸೊಸೆ ಹಲ್ಲು ಕಚ್ಚಿಕೊಂಡು ತನ್ನ ಕಡೆಗೆ ತಿರುಗಿದಳು. ಒಂದೊಂದು ಸಸಿಯೂ ಇರಬೇಕಾದಲ್ಲೇ ಕೂತಿತು. ತಿರುಪು ಕೂರಿಸುವ ಕೈ ಅದು.

ಗಂಡನೂ ಪೇಪರಿನ ಹಿಂದಿನಿಂದ ಹೊರಬಂದ. ಆ ಪೇಪರನ್ನೇ ಹರಿದು ಟೋಪಿ ಮಾಡಿ ಪ್ರತಿ ಸಸಿಗೂ ಬಿಸಿಲುಮರೆ ಹಾಕಿದ. ಮದುವೆಯಾದ ಮೇಲೆ ಅವನು ಒಂದು ಪಕ್ಷ ಸೇರಿದ್ದು ಅದೇ ಮೊದಲು.

ಕೆಲವು ದಿನ ಅವಳು ಟೋಪಿಗಳನ್ನು ಎತ್ತಿ ನೋಡುವ ಧೈರ್ಯವನ್ನೇ ಮಾಡಲಿಲ್ಲ. ಎತ್ತಿ ನೋಡಿದ ದಿನ ಗೇಟಿನ ಕಡೆಯ ಸಸಿಗಳು ಬೆನ್ನು ನೆಟ್ಟಗೆ ಮಾಡಿಕೊಂಡು ನಿಂತಿದ್ದವು. ಮೆಟ್ಟಿಲ ಕಡೆಯವು ಬುಡದಲ್ಲೇ ಮುರಿದು ಮಲಗಿದ್ದವು. ಸಾಲು ಎಲ್ಲಿ ಸೊಸೆಯದು ಮುಗಿದು ಅತ್ತೆಯದು ಶುರುವಾಗುತ್ತದೆಂದು ಕುರುಡರೂ ಹೇಳಬಹುದಿತ್ತು. ಅತ್ತೆ ದಿನಕ್ಕೊಂದು ಸಲ ಏನಾದರೂ ನೆಪ ಮಾಡಿಕೊಂಡು ಗೇಟಿನವರೆಗೆ ಹೋಗಿ ಬರುತ್ತಿದ್ದಳು.

ಗಾರೆಯವನು ಸಿಮೆಂಟಿನ ಚೀಲ ಹೊತ್ತ ಕೈಗಾಡಿ ತಳ್ಳಿಕೊಂಡು ಬಂದ ದಿನ ಗೇಟಿನಿಂದ ಅರ್ಧ ಪಟ್ಟಿಯವರೆಗೆ ಹೂವೋ ಹೂವು. ನೇರಳೆ, ಬಿಳಿ, ಗುಲಾಬಿ, ಎಲೆ ಕಾಣದಷ್ಟು ಹೂವು. ಹಾದಿಯಲ್ಲಿ ಹೋಗುವವರು ಸೈಕಲ್ಲು ನಿಲ್ಲಿಸಿ ನೋಡುತ್ತಿದ್ದರು. ಮೈದುನ ಕಾರನ್ನು ಬೀದಿಯಲ್ಲೇ ನಿಲ್ಲಿಸಿ, ಯಾರೂ ಕೇಳದಿದ್ದರೂ, “ಅತ್ತಿಗೆದು” ಎಂದು ಹೇಳಿಕೊಂಡು ಓಡಾಡುತ್ತಿದ್ದ.

ಗಾರೆಯವನು ಗಾಡಿ ನಿಲ್ಲಿಸಿ ತಲೆ ಕೆರೆದುಕೊಂಡ. “ಇದರ ಮೇಲೆ ಸಿಮೆಂಟು ಹಾಕೋದಾ? ನನ್ನ ಕೈಯಲ್ಲಾಗಲ್ಲ. ಅಮ್ಮಾ, ಕೈಗುಣ ಅಂದ್ರೆ ನಿಮ್ಮದು.”

ಬಾಗಿಲಲ್ಲಿ ನಿಂತಿದ್ದ ಅತ್ತೆಗೇ ಅವನು ಹೇಳಿದ್ದು. ಇಷ್ಟು ವರ್ಷ ಆ ಮಾತಿಗೆ ಅವಳು ಒಂದೇ ಥರ ತಲೆಯಾಡಿಸುತ್ತಿದ್ದಳು. ಸೊಸೆ ಉಸಿರು ಹಿಡಿದು ನೋಡಿದಳು.

“ನನ್ನದು ಅಗೋ ಅಲ್ಲಿ” ಎಂದು ಅತ್ತೆ ಮೆಟ್ಟಿಲ ಕಡೆಯ ಬೋಳು ಮಣ್ಣನ್ನು ತೋರಿಸಿದಳು. “ಇದು ನನ್ನ ಸೊಸೇದು.”

ಸೊಸೆಗೆ ಕಿರುಚಿ ಕುಣಿಯಬೇಕೆನಿಸಿತು. ಗಾರೆಯವನು ಗಾಡಿ ತಿರುಗಿಸಿಕೊಂಡು ಹೋದ ಮೇಲೆ ಕುಣಿದೇಬಿಟ್ಟಳು, ಗೇಟಿನಿಂದ ಮೆಟ್ಟಿಲವರೆಗೆ. ಮಾವ ನಶ್ಯದ ಚಿಟಿಕೆ ಮೂಗಿನ ಹತ್ತಿರವೇ ಹಿಡಿದುಕೊಂಡು ನೋಡುತ್ತಾ ನಿಂತರು.

ಅತ್ತೆ ಕುಣಿಯಲಿಲ್ಲ. ಮಂಡಿ ಹಿಡಿದುಕೊಂಡು ಮೆಲ್ಲಗೆ ಬೋಳು ಮಣ್ಣಿನ ಪಕ್ಕ ಕುಳಿತಳು. ಬಲಗೈಯ ಎರಡು ಬೆರಳನ್ನು ಜೋಡಿಸಿ ಮೇಲೆತ್ತಿ ತೋರಿಸಿದಳು.

“ಎಲೆ ಹಿಡಿಯೋದು ಹೀಗೇನೇ?”

“ಇನ್ನೂ ಹಗುರ, ಅತ್ತೆ” ಎಂದು ಸೊಸೆ ಪಕ್ಕದಲ್ಲಿ ಕುಳಿತು ಆ ಬೆರಳುಗಳನ್ನು ಸಡಿಲಿಸಿದಳು.