ಹೆಗಲ ಮೇಲಿನ ಕೈ

ಥೂ! ಹುತಾತ್ಮರದ್ದು ಅಂತ ಮಾರುವ ಆ ಚಿತ್ರದ ಕಾರ್ಡು ನೋಡಿದಾಗೆಲ್ಲ ನನಗೆ ಹರಿದು ಬಿಸಾಡೋಣ ಅನ್ನಿಸುತ್ತೆ. ಈಗ ಡಬ್ಲಿನ್ನಿನ ಯಾವ ಅಂಗಡಿ ಗಾಜಿನಲ್ಲಿ ನೋಡಿದರೂ ನನ್ನ ಗಂಡ ಕಿಟ್ ಗೆರಾಟಿ. ಹಸಿರು ಸಮವಸ್ತ್ರ, ಓರೆ ಟೋಪಿ, ಕೆಳಗೆ 'ಐರ್ಲೆಂಡಿಗಾಗಿ ಮಡಿದವನು'. ಅವನು ಜನ್ಮದಲ್ಲಿ ಸಮವಸ್ತ್ರ ಹಾಕಿದವನಲ್ಲ. ಈಸ್ಟರ್ ವಾರದಲ್ಲಿ ಬ್ರಿಟಿಷರ ವಿರುದ್ಧದ ದಂಗೆಗೆ ಬಂದೂಕು ಹಿಡಿದು ಹೋಗುವಾಗಲೂ ಬೇಕರಿಯ ಹಿಟ್ಟು ಮೆತ್ತಿದ ಕೋಟೇ ಮೈಮೇಲಿತ್ತು. ಗುಂಡು ತಗುಲಿದ್ದೂ ಆ ಕೋಟಿಗೇ.

ಅವನದು ಅಂತ ನನ್ನ ಹತ್ತಿರ ಇದ್ದದ್ದು ಒಂದೇ ಫೋಟೋ, ನಮ್ಮ ಮದುವೆಯದು. ಅವನು ಕುರ್ಚಿಯಲ್ಲಿ, ನಾನು ಹಿಂದೆ ನಿಂತು ಅವನ ಹೆಗಲ ಮೇಲೆ ಕೈ ಇಟ್ಟದ್ದು. ನಾನು ಮನೆಯಲ್ಲಿಲ್ಲದಾಗ ಅತ್ತೆ ಅದನ್ನ ಗೋಡೆಯಿಂದ ತೆಗೆದು ಕಾರ್ಡು ಮಾಡುವ ಹಾಲ್ಪಿನ್‌ಗೆ ಕೊಟ್ಟುಬಿಟ್ಟರು. ನನ್ನನ್ನ ಒಂದು ಮಾತು ಕೇಳಲಿಲ್ಲ.

ಅವನ ಅಂಗಡಿಗೆ ಓಡಿದೆ. "ನನ್ನ ಫೋಟೋ ಕೊಡಿ."

ಹಾಲ್ಪಿನ್ ಡ್ರಾಯರಿನಿಂದ ತೆಗೆದುಕೊಟ್ಟ. ಸಮವಸ್ತ್ರ, ಟೋಪಿಯ ಬಣ್ಣವನ್ನೆಲ್ಲ ಫೋಟೋ ಮೇಲೇ ಬಳಿದಿದ್ದ. ನಾನಿದ್ದ ಜಾಗವನ್ನ ಬ್ಲೇಡಿನಲ್ಲಿ ಕೆರೆದು ಮೋಡ ತುಂಬಿದ್ದ.

"ಅಯ್ಯೋ ಪಾಪಿ, ನನ್ನನ್ನ ಕೆರೆದು ಹಾಕಿದೆಯಲ್ಲೋ!"

"ಹುತಾತ್ಮರ ಬೆನ್ನ ಹಿಂದೆ ಹೆಂಗಸು ನಿಂತಿದ್ದರೆ ಯಾರಮ್ಮ ಕೊಳ್ತಾರೆ? ಕೈ ಒಂದು ಉಳಿದುಬಿಡ್ತು. ಕೆರೆದಿದ್ರೆ ಅವರ ಹೆಗಲೂ ಹೋಗ್ತಿತ್ತು." ಬಾಗಿಲ ತನಕ ಬಂದು ದುಃಖ ಹೇಳಿ ಕಳಿಸಿದ, ನಾಚಿಕೆಗೆಟ್ಟವನು.

ಆ ಉಳಿದ ಕೈ ಇದೆಯಲ್ಲ, ಅದೇ ಊರಿಗೆ ಹುಚ್ಚು ಹಿಡಿಸಿತು.

ಕಿಟ್ ತೀರಿ ತಿಂಗಳಾದ ದಿನ ಅವನ ಹೆಸರಿನಲ್ಲಿ ಪೂಜೆ ಇತ್ತು. ಮುಗಿದ ಮೇಲೆ ಚರ್ಚಿನ ಮೆಟ್ಟಿಲ ಮೇಲೆ ಹೆಂಗಸರು ಅತ್ತೆಯ ಸುತ್ತ ಮುತ್ತಿಕೊಂಡರು. ಮೊನ್ನೆ ಮೊನ್ನೆಯವರೆಗೆ ಬೇಕರಿಯವನ ತಾಯಿ, ಈಗ ಹುತಾತ್ಮನ ತಾಯಿ! ಅವರ ಶಾಲಿನ ಅಂಚಿಗೂ ಮುತ್ತು ಕೊಡುತ್ತಿದ್ದರು. ನನಗೆ ಮೈಯೆಲ್ಲ ಉರಿಯಿತು.

ಕಪ್ಪು ಶಾಲಿನ ಮುದುಕಿಯೊಬ್ಬಳು ಕಾರ್ಡು ಎತ್ತಿ ಹಿಡಿದು ಕೂಗಿದಳು: "ನೋಡ್ರೇ, ಮೇರಿಮಾತೆ ತಾನೇ ಹಿಂದೆ ಬಂದು ಹೆಗಲ ಮೇಲೆ ಕೈ ಇಟ್ಟವಳೆ! ಮೋಡದಿಂದ ಬಂದಿದೆ ನೋಡಿ, ಕೈ ಮಾತ್ರ ಕಾಣ್ತದೆ!" ಎಲ್ಲರೂ ಶಿಲುಬೆ ಗುರುತು ಹಾಕಿಕೊಂಡರು. ಕಾರ್ಡಿನ ಆ ಜಾಗ ಮುತ್ತಿಟ್ಟ ಜನರ ಎಂಜಲಿಗೇ ಮಾಸಿಹೋಗಿತ್ತು.

ಇನ್ನು ತಡೆಯಲಾಗಲಿಲ್ಲ. ಕೈಗವಸು ಕಿತ್ತೆಸೆದು ನನ್ನ ಕೈಯನ್ನ ಕಾರ್ಡಿನ ಪಕ್ಕಕ್ಕೇ ಹಿಡಿದೆ. ಚಿಕ್ಕಂದಿನಲ್ಲಿ ಲಾಂಡ್ರಿ ಯಂತ್ರಕ್ಕೆ ಸಿಕ್ಕಿ ಸೊಟ್ಟಗಾದ ಕಿರುಬೆರಳು ನನ್ನದು. ಮಾಸಿದ ಕಾರ್ಡಿನಲ್ಲೂ ಅದೇ ಬೆರಳು, ಅದೇ ಸೊಟ್ಟ.

"ಇದು ನನ್ನ ಕೈ. ನಾನು ಅವನ ಹೆಂಡತಿ ಡೆಲಿಯಾ. ಬೇಕಾದ್ರೆ ಅತ್ತೇನ ಕೇಳಿ, ನಮ್ಮ ಮದುವೇಲಿ ಇದ್ರು."

ಎಲ್ಲರೂ ಅತ್ತೆಯ ಕಡೆ ತಿರುಗಿದರು. ಅತ್ತೆ ನನ್ನ ಬೆರಳು ನೋಡಿದರು. ಕಾರ್ಡು ನೋಡಿದರು. ಅವರಿಗೆ ಗೊತ್ತಿತ್ತು, ದೇವರಾಣೆಗೂ ಗೊತ್ತಿತ್ತು.

"ಪಾಪದ ಹುಡುಗಿ," ಅಂದರು ಮೆಲ್ಲಗೆ. "ಅವನು ಹೋದಾಗಿಂದ ತಲೆ ಸರಿ ಇಲ್ಲ. ಮನಸ್ಸಿಗೆ ಹಚ್ಚಿಕೋಬೇಡಿ."

ಮುದುಕಿಯ ಕಣ್ಣು ತುಂಬಿ ಬಂತು. ನನ್ನ ತಲೆ ನೇವರಿಸಿ, ಆ ಎಂಜಲು ಕಾರ್ಡನ್ನ ನನ್ನ ತುಟಿಗೇ ತಂದು ಹಿಡಿದಳು.

"ಆ ಕೈಗೆ ಒಂದು ಮುತ್ತು ಕೊಡು ಮಗಳೇ. ಸಮಾಧಾನ ಆಗುತ್ತೆ."