ಬಾವಿ ಇಲ್ಲದ ಕಟ್ಟು

ಇದನ್ನು ಹೇಳುವ ಯೋಗ್ಯತೆ ನನಗಿಲ್ಲ ಎಂದು ಗೊತ್ತಿದ್ದೇ ಹೊರಟಿದ್ದೇನೆ, ಓದುವವರು ಕ್ಷಮಿಸಬೇಕು. ಸೂಫಿಗಳ ಬಗ್ಗೆ ನಾನು ಓದಿರುವುದು ನಲವತ್ತು ಪುಟದ ಒಂದು ಕೈಪಿಡಿ ಮಾತ್ರ, ಅದೂ ನಮ್ಮ ಪ್ರೆಸ್ಸಿನಲ್ಲೇ ಅಚ್ಚಾದದ್ದು. ಟ್ಯಾರೋ ಎಂದರೆ ಮುಂದಾಗುವುದನ್ನು ಕೇಳಲು ಜನ ಎತ್ತುವ ಚಿತ್ರದ ಕಾರ್ಡುಗಳು ಎಂಬುದು ಕೂಡ ಈ ಕೆಲಸಕ್ಕೆ ಸೇರಿದ ಮೇಲೆ ತಿಳಿದದ್ದು. ನಾನು ಸಂಜೆ ಕಾಲೇಜಿನಲ್ಲಿ ತೂಕಡಿಸುತ್ತ ಪದವಿ ಮುಗಿಸಿದವಳು. ಆದರೆ ತಪ್ಪು ನನ್ನದು. ತಪ್ಪು ಮಾಡಿದವಳೇ ಹೇಳದಿದ್ದರೆ ಉಳಿದವರು ಅದಕ್ಕೆ ಬಣ್ಣ ಕಟ್ಟುತ್ತಾರೆ.

ನಮ್ಮ ಪ್ರೆಸ್ಸಿನಲ್ಲಿ ಕಾರ್ಡುಗಳನ್ನು ದೊಡ್ಡ ಹಾಳೆಗಳಲ್ಲಿ ಅಚ್ಚುಹಾಕಿ, ಕತ್ತರಿಸಿ, ಉದ್ದನೆಯ ಮೇಜಿನ ಮೇಲೆ ಎಪ್ಪತ್ತೆಂಟು ರಾಶಿಗಳಾಗಿ ಜೋಡಿಸುತ್ತಾರೆ. ಪ್ರತಿ ರಾಶಿಯಲ್ಲೂ ಒಂದೇ ಚಿತ್ರ. ನಾನು ಮೇಜಿನ ಸುತ್ತ ನಡೆಯುತ್ತ ಒಂದೊಂದು ರಾಶಿಯಿಂದ ಒಂದೊಂದು ಕಾರ್ಡು ಎತ್ತಿಕೊಳ್ಳಬೇಕು. ಒಂದು ಸುತ್ತು ಮುಗಿದರೆ ಒಂದು ಕಟ್ಟು. ಆಮೇಲೆ ಆ ಕಟ್ಟನ್ನು ಚಿಕ್ಕ ತಕ್ಕಡಿಯ ಮೇಲೆ ಇಡಬೇಕು. ಒಂದು ಕಾರ್ಡು ಕಡಿಮೆಯಾದರೂ ಹೆಚ್ಚಾದರೂ ತಕ್ಕಡಿ ಹೇಳುತ್ತದೆ. ಅದಕ್ಕೇ ಕತ್ತರಿಸುವ ಯಂತ್ರದ ಮಾಮ ನನ್ನನ್ನು ‘ತಕ್ಕಡಿ’ ಎಂದೇ ಕರೆಯುವುದು. ನಾವೆಲ್ಲ ಅವರನ್ನು ಕತ್ತರಿ ಮಾಮ ಎನ್ನುತ್ತೇವೆ.

ಆ ಸಲ ಬಂದದ್ದು ಐನೂರು ಕಟ್ಟಿನ ಕೆಲಸ. ಚಿತ್ರ ಬರೆದವರು ಒಬ್ಬ ಅಜ್ಜಿ. ಬಣ್ಣ ಸರಿ ಬಂದಿದೆಯೇ ಎಂದು ನೋಡಲು ವಾರಕ್ಕೆರಡು ಸಲ ಬರುತ್ತಿದ್ದರು. ಅವರ ತಂದೆ ಸೂಫಿ ಹಾಡುಗಳನ್ನು ಹೇಳಿಕೊಡುತ್ತಿದ್ದವರಂತೆ. ಅಜ್ಜಿ ಮಾಮೂಲಿ ಟ್ಯಾರೋ ಚಿತ್ರಗಳನ್ನೆಲ್ಲ ಆ ಕಣ್ಣಿನಿಂದ ಮತ್ತೆ ಬರೆದು, ಪ್ರತಿಯೊಂದರ ಕೆಳಗೆ ತಾವೇ ಕಟ್ಟಿದ ಒಂದು ಸಾಲು ಸೇರಿಸಿದ್ದರು. ಬೇರೆ ಕಟ್ಟುಗಳಲ್ಲಿ ಎಲುಬಿನ ಗೂಡಾಗಿ ಬರುವ ಸಾವು ಇಲ್ಲಿ ಮದುವೆಯ ದಿಬ್ಬಣ. ಸೈತಾನನ ಜಾಗದಲ್ಲಿ ಬರೀ ಒಂದು ಕನ್ನಡಿ. ರಥದ ಬದಲು ದಡ ಬಿಟ್ಟ ದೋಣಿ, ನಕ್ಷತ್ರದ ಬದಲು ಬಾವಿ.

“ಸಾವಿಗೆ ಮದುವೆ ಯಾಕಜ್ಜಿ?” ಎಂದು ನಾನು ಒಂದು ದಿನ ಧೈರ್ಯ ಮಾಡಿ ಕೇಳಿದ್ದೆ.

“ಪ್ರೀತಿಸಿದವನ ಮನೆಗೆ ಹೋಗೋದಕ್ಕೆ ನೀನು ಇನ್ನೇನಂತೀಯ?” ಎಂದರು ಅಜ್ಜಿ.

“ನನ್ನ ಮದುವೆನೂ ಹಾಗೇ ಆಯ್ತು,” ಎಂದರು ಪಕ್ಕದಲ್ಲಿದ್ದ ಕತ್ತರಿ ಮಾಮ. “ಅವತ್ತು ಹೋದೋನು ಇನ್ನೂ ಎದ್ದಿಲ್ಲ.”

ಅಜ್ಜಿ ನಕ್ಕು ಅವರ ಬೆನ್ನಿಗೊಂದು ಗುದ್ದಿದರು. ಅಜ್ಜಿಯ ಮಾತನ್ನು ನಾನು ಸಂಜೆ ಪುಸ್ತಕದಲ್ಲಿ ಬರೆದುಕೊಂಡೆ. ಇಂಥವನ್ನು ಬರೆದಿಡುವುದು ನನ್ನ ಅಭ್ಯಾಸ, ಅರ್ಥವಾಗುವುದು ಅರ್ಧ.

ಕೆಲಸ ಶುರುವಾದ ವಾರ ಪ್ರೆಸ್ಸಿನವರು ನಮಗೆಲ್ಲ ಒಂದೊಂದು ಕಟ್ಟು ಕೊಟ್ಟರು. ನನ್ನದನ್ನು ಮನೆಗೆ ತಂದು ಅತ್ತಿಗೆಯ ಕೈಗಿಟ್ಟೆ.

ಅತ್ತಿಗೆ ಎಂದರೆ ನನ್ನ ಅಣ್ಣನ ಹೆಂಡತಿ. ಅಣ್ಣ ತೀರಿಕೊಂಡು ಏಳು ವರ್ಷ. ಅಂದಿನಿಂದ ಎರಡು ಕೋಣೆಯ ಆ ಮನೆಯಲ್ಲಿ ನಾವಿಬ್ಬರೇ. ಅವಳು ಕನ್ನಡಕದ ಅಂಗಡಿಯ ಹಿಂಬದಿಯಲ್ಲಿ ಕೂತು ಗಾಜು ಉಜ್ಜುತ್ತಾಳೆ, ಹದಿನೆಂಟು ವರ್ಷದಿಂದ. ಬೇರೆಯವರ ಕಣ್ಣಿಗೆ ಬೇಕಾದಷ್ಟೇ ಗಾಜನ್ನು ಸವೆಸುವುದು ಅವಳ ಕೆಲಸ. ಅಳೆದು ನೋಡದ ಯಾವ ಮಾತನ್ನೂ ನಂಬದ ಹೆಂಗಸು.

ಆ ಹೊತ್ತಿಗೆ ಅವಳಿಗೊಂದು ಕಾಗದ ಬಂದಿತ್ತು. ಎರಡು ಹಗಲು ಒಂದು ರಾತ್ರಿ ರೈಲಿನಲ್ಲಿ ಹೋಗಬೇಕಾದ ಒಂದು ಬಂದರಿನ ಊರಿನಿಂದ. ಅಲ್ಲಿ ದುರ್ಬೀನುಗಳಿಗೆ ಗಾಜು ಮಾಡುವ ಒಬ್ಬ ಮುದುಕರು ತಮ್ಮ ಕಾರ್ಯಾಗಾರವನ್ನು ಅತ್ತಿಗೆ ವಹಿಸಿಕೊಳ್ಳುವಳೇ ಎಂದು ಕೇಳಿದ್ದರು. ತಿಂಗಳೊಳಗೆ ಉತ್ತರ ಬೇಕೆಂದಿದ್ದರು. ಅತ್ತಿಗೆ ಕಾಗದವನ್ನು ನನಗೆ ಓದಿ ಹೇಳಿ, ಮಡಚಿ, ಸಕ್ಕರೆ ಡಬ್ಬಿಯ ಹಿಂದೆ ಸಿಕ್ಕಿಸಿದಳು. ಹೋಗುತ್ತೇನೆ ಎನ್ನಲಿಲ್ಲ, ಒಲ್ಲೆ ಎನ್ನಲಿಲ್ಲ. ನಾನೂ ಕೇಳಲಿಲ್ಲ. ಕೇಳಿದರೆ ಹೋಗುತ್ತೇನೆ ಎಂದುಬಿಟ್ಟಾಳು ಎಂಬ ಹೆದರಿಕೆ.

ಕಾರ್ಡುಗಳನ್ನು ನೋಡಿ ಅವಳು ನಕ್ಕಳು. “ಇದೇನೇ, ಇವರು ನನ್ನ ಹಣೆಬರಹ ಹೇಳ್ತಾರಾ? ಹೇಳಲಿ ಬಿಡು, ಪುಕ್ಕಟೆ ತಾನೆ.” ಮಾರನೆಯ ಬೆಳಿಗ್ಗೆ, ಚಹಾಕ್ಕೆ ನೀರು ಕಾಯುವಷ್ಟರಲ್ಲಿ, ಕಟ್ಟನ್ನು ಕಲಸಿ, ಕಿಟಕಿಯ ಕಡೆ ನೋಡುತ್ತ ಒಂದನ್ನು ಎಳೆದಳು. ದೋಣಿ. ಹುಟ್ಟನ್ನು ನೀರಿಗೆ ಬಿಟ್ಟು ಅಂಗಾತ ಮಲಗಿದ ಒಬ್ಬ ಫಕೀರ, ಹಿಂದೆ ಚಿಕ್ಕದಾಗುತ್ತಿರುವ ದಡ. ಕೆಳಗೆ ಅಜ್ಜಿಯ ಸಾಲು: ‘ಹುಟ್ಟು ಬಿಟ್ಟೆ ಗೆಳೆಯ, ಇನ್ನು ದಡದ ಚಿಂತೆ ನಿನ್ನದು.’

“ಸೋಮಾರಿ,” ಎಂದಳು ಅತ್ತಿಗೆ ಫಕೀರನಿಗೆ.

ನಾಲ್ಕನೆಯ ಬೆಳಿಗ್ಗೆ ಮತ್ತೆ ದೋಣಿ. ಏಳನೆಯ ದಿನ ಮತ್ತೆ. “ನೋಡೇ ಪುಟ್ಟೀ, ನಿನ್ನ ಸೂಫಿಗಳು ನನ್ನ ಕತ್ತು ಹಿಡಿದು ಆಚೆ ನೂಕ್ತಿದಾರೆ,” ಎಂದಳು. ಹನ್ನೊಂದನೆಯ ದಿನ ನಾಲ್ಕನೆಯ ಸಲ ಬಂದಾಗ ಅವಳು ತಮಾಷೆ ಮಾಡಲಿಲ್ಲ. ಕಾರ್ಡನ್ನು ಮೇಜಿನ ಮೇಲಿಟ್ಟು ಒಲೆ ಆರಿಸಿದಳು, ಕೂತು ಬಂದರಿನ ಮುದುಕರಿಗೆ ‘ಬರುತ್ತೇನೆ’ ಎಂದು ಬರೆದು ಲಕೋಟೆ ಅಂಟಿಸಿದಳು. “ನಾಳೆ ಬೆಳಿಗ್ಗೆ ಹಾಕ್ತೀನಿ ಟಪಾಲಿಗೆ,” ಎಂದಳು. ನಾನು ಹೂಂ ಎಂದು ಕೆಲಸಕ್ಕೆ ಹೋದೆ. ದಾರಿಯುದ್ದಕ್ಕೂ ಎಲ್ಲಿ ನಡೆಯುತ್ತಿದ್ದೇನೆ ಎಂಬುದೇ ತಿಳಿಯಲಿಲ್ಲ.

ಅದೇ ಮಧ್ಯಾಹ್ನ ಐನೂರನೆಯ ಸುತ್ತು ಮುಗಿಯಿತು. ಎಪ್ಪತ್ತೇಳು ರಾಶಿಗಳು ಖಾಲಿ. ಒಂದು ರಾಶಿಯ ಜಾಗದಲ್ಲಿ ಒಂದು ಕಾರ್ಡು ಹಾಗೇ ಉಳಿದಿತ್ತು. ಬಾವಿ.

ನಾನು ಅದನ್ನೇ ನೋಡುತ್ತ ನಿಂತೆ. ಕತ್ತರಿ ಮಾಮ ಎಣಿಸಿ ಕೊಡುವವರು, ಅವರ ಎಣಿಕೆ ತಪ್ಪುವುದಿಲ್ಲ. ಪ್ರತಿ ಕಟ್ಟಿನ ತೂಕವನ್ನೂ ನಾನೇ ನೋಡಿದ್ದೆ. ಅಂದರೆ ಯಾವುದೋ ಒಂದು ಕಟ್ಟಿನಲ್ಲಿ ಬಾವಿ ಇಲ್ಲ, ಅದರ ಬದಲು ಬೇರೇನೋ ಇದೆ. ಒಂದು ಇಲ್ಲದೆ ಇನ್ನೊಂದು ಎರಡಿದ್ದರೆ ತಕ್ಕಡಿಗೆ ಅದು ಗೊತ್ತಾಗುವುದಿಲ್ಲ.

“ನೆಲದ ಮೇಲಿಂದ ಏನಾದ್ರೂ ಎತ್ತಿಟ್ಟಿದ್ಯಾ?” ಎಂದು ಕೇಳಿದರು ಮಾಮ.

ಆಗ ನೆನಪಾಯಿತು. ಮೊದಲನೆಯ ದಿನ, ಬಾವಿಯ ರಾಶಿಯ ಕೆಳಗೆ, ಬೆನ್ನು ಮೇಲಾಗಿ ಒಂದು ಕಾರ್ಡು ಬಿದ್ದಿತ್ತು. ಬೆನ್ನು ಎಲ್ಲದಕ್ಕೂ ಒಂದೇ, ನೀಲಿ ಬಳ್ಳಿ. ರಾಶಿಯಿಂದ ಜಾರಿದ್ದು ಎಂದುಕೊಂಡು ಎತ್ತಿ ಮೇಲಿಟ್ಟೆ. ತಿರುಗಿಸಿ ನೋಡಲಿಲ್ಲ. ಏನನ್ನೂ ಮೂರು ಸಲ ನೋಡದೆ ಬಿಡದವಳು, ಅದೊಂದನ್ನು ನೋಡಲಿಲ್ಲ.

“ಅದು ನನ್ನ ಕಸ ಇರ್ಬೇಕು,” ಎಂದರು ಮಾಮ. “ಹೊಸ ಅಲಗು ಹಾಕಿದ ದಿನ ಹಾಳೆಯ ಮೂಲೆ ಕಾರ್ಡು ಒಂಚೂರು ಅಗಲ ಬರುತ್ತೆ. ಅವನ್ನ ಬುಟ್ಟಿಗೆ ಎಸೀತೀನಿ. ಒಂದು ಹೊರಗೆ ಬಿದ್ದಿರುತ್ತೆ.”

“ಮೂಲೆಯಲ್ಲಿ ಯಾವ ಚಿತ್ರ ಮಾಮ?”

“ದೋಣಿ.”

ನಮಗೆ ಕೊಟ್ಟ ಕಟ್ಟುಗಳೂ ಆ ಮೊದಲ ದಿನದವೇ. ಕೊನೆಯ ಕಟ್ಟುಗಳನ್ನು ನೋಡಲು ಬಂದಿದ್ದ ಅಜ್ಜಿ ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂತಿದ್ದರು. ಅವರ ಮುಂದೆ ಹೋಗಿ ತಪ್ಪೊಪ್ಪಿಕೊಂಡೆ. ಅವರು ಬೈದಿದ್ದರೆ ಹಗುರಾಗುತ್ತಿತ್ತು. ಬದಲಿಗೆ ಕುತೂಹಲದಿಂದ ಮುಂದಕ್ಕೆ ಬಾಗಿ, “ಬಾವಿ ಇಲ್ಲದೆ ಆ ಕಟ್ಟು ಏನು ಹೇಳುತ್ತೆ ಅಂತ ನನಗೂ ನೋಡಬೇಕಲ್ಲ!” ಎಂದರು.

“ತಮಾಷೆ ಅಲ್ಲ ಅಜ್ಜಿ. ಒಬ್ಬರು ಅದನ್ನ ನಂಬಿ ಊರು ಬಿಡೋಕೆ ಹೊರಟಿದ್ರೆ?”

“ನೀನು ಅವರಿಗೆ ಹೇಳ್ತೀಯಾ?”

“ಹೇಳಬೇಕಲ್ವಾ?”

ಅಜ್ಜಿ ನನ್ನನ್ನು ಸ್ವಲ್ಪ ಹೊತ್ತು ನೋಡಿದರು. “ಅವರು ಹೋದ್ರೆ ನಿನಗೇನಾಗುತ್ತೆ?” ಎಂದು ಕೇಳಿದರು. ನಾನು ಮೇಜಿನ ಕಡೆ ತಿರುಗಿದೆ. ಅವರು ಉಳಿದಿದ್ದ ಬಾವಿಯ ಕಾರ್ಡನ್ನು ನನ್ನ ಕೈಗೆ ಕೊಟ್ಟು, “ಮೊದಲು ಮನೆಗೆ ಹೋಗಿ ಎಣಿಸು,” ಎಂದರು.

ಎಣಿಸಿದೆ. ಅತ್ತಿಗೆ ಅಂಗಡಿಯಿಂದ ಇನ್ನೂ ಬಂದಿರಲಿಲ್ಲ. ಅಡುಗೆಮನೆಯ ಮೇಜಿನ ಮೇಲೆ ಎಪ್ಪತ್ತೆಂಟನ್ನೂ ಹರಡಿದೆ. ಬಾವಿ ಇಲ್ಲ. ದೋಣಿ ಎರಡು. ಅತ್ತಿಗೆಯ ಅಳತೆಯ ಉಪಕರಣ ತಂದು ಹಿಡಿದೆ: ಒಂದು ದೋಣಿ ಉಳಿದವಕ್ಕಿಂತ ಕೂದಲೆಳೆಯಷ್ಟು ಅಗಲ.

ಕಾಲೇಜಿನಲ್ಲಿ ಸಂಭವನೀಯತೆಯ ಲೆಕ್ಕ ಕಲಿತಿದ್ದೆ. ಪುಸ್ತಕ ತೆಗೆದು ಮಾಡಿದೆ, ನಂಬಿಕೆ ಬಾರದೆ ಮತ್ತೆ ಮಾಡಿದೆ. ಒಂದೇ ದೋಣಿ ಇದ್ದಿದ್ದರೆ ಹನ್ನೊಂದು ದಿನದಲ್ಲಿ ನಾಲ್ಕು ಸಲ ಬರುವುದು ಲಕ್ಷಕ್ಕೊಂದು ಸಲವೂ ಇಲ್ಲ. ಎರಡು ದೋಣಿ ಇದ್ದರೆ ಸುಮಾರು ಎಂಟು ಸಾವಿರಕ್ಕೊಂದು ಸಲ. ಅಂದರೆ ನನ್ನ ತಪ್ಪಿನಿಂದಲೂ ಪೂರ್ತಿ ವಿವರಣೆ ಸಿಗುವುದಿಲ್ಲ. ಇದೇ ನನ್ನನ್ನು ಇಂದಿಗೂ ಕಾಡುವುದು.

ಆದರೆ ಆ ಸಂಜೆ ನಾನು ಯೋಚಿಸಿದ್ದು ಬೇರೆ. ಹೇಳಿದರೆ ಅವಳು ಲಕೋಟೆ ಹರಿಯಬಹುದು, ಇಲ್ಲೇ ಉಳಿಯಬಹುದು. ನನಗೆ ಬೇಕಾದದ್ದೂ ಅದೇ. ನನಗೆ ಲಾಭವಿರುವ ಸತ್ಯವನ್ನು ಸತ್ಯವೆಂದೇ ಹೇಳುತ್ತಿದ್ದೇನೆಯೇ? ಹೇಳದೆ ಬಿಟ್ಟರೆ, ಕಸದ ಬುಟ್ಟಿಯಿಂದ ಬಂದ ಕಾರ್ಡನ್ನು ನಂಬಿ ಅವಳು ಇದ್ದ ಕೆಲಸ ಬಿಟ್ಟು ಹೋಗುತ್ತಾಳೆ. ಎರಡೂ ಕಡೆ ನಾನೇ ತಪ್ಪಿತಸ್ಥೆಯಂತೆ ಕಾಣುತ್ತಿತ್ತು.

ಅತ್ತಿಗೆ ಬಂದು ಚೀಲ ಇಟ್ಟು, ಹರಡಿದ ಕಾರ್ಡುಗಳನ್ನು ನೋಡಿದಳು. “ಏನೇ ಇದು, ಅಂಗಡಿ ಹಾಕಿದೀಯ?”

ನಾನು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ನೆಲದ ಮೇಲಿನ ಕಾರ್ಡು, ಹೊಸ ಅಲಗು, ಎರಡು ದೋಣಿ, ಅದರಲ್ಲೊಂದರ ಕೂದಲೆಳೆ ಅಗಲ. “ಅದು ದೇವರು ಹೇಳಿದ್ದಲ್ಲ ಅತ್ತಿಗೆ. ನಾನು ತಿರುಗಿಸಿ ನೋಡದೆ ಇಟ್ಟಿದ್ದು.”

ಅವಳು ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ಕಾರ್ಡುಗಳನ್ನು ಒಟ್ಟು ಮಾಡಿದಳು. ಚೆನ್ನಾಗಿ ಕಲಸಿದಳು. ಕಣ್ಣು ಮುಚ್ಚಿ, ಹೆಬ್ಬೆರಳಿನಿಂದ ಕಟ್ಟಿನ ಅಂಚನ್ನು ಸವರುತ್ತ ಹೋಗಿ ಒಂದು ಕಡೆ ನಿಲ್ಲಿಸಿ, ಎಳೆದು ನನ್ನ ಮುಂದಿಟ್ಟಳು. ದೋಣಿ. ಮತ್ತೆ ಕಲಸಿ ಎಳೆದಳು. ದೋಣಿ.

“ಹದಿನೆಂಟು ವರ್ಷ ಗಾಜು ಉಜ್ಜಿದ ಬೆರಳು ಕಣೇ,” ಎಂದಳು. “ಕೂದಲೆಳೆ ಅಂದ್ರೆ ಇದಕ್ಕೆ ಹಗ್ಗ ಇದ್ದಂಗೆ.”

“ಹಾಗಾದ್ರೆ ಮೊದಲೇ ಗೊತ್ತಿತ್ತಾ ನಿಂಗೆ?”

“ಬೆರಳಿಗೆ ಗೊತ್ತಿದ್ದಿರಬೇಕು.”

“ನಾನು ಕೇಳಿದ್ದು ನಿನ್ನ.”

“ಎಲ್ಲಾನೂ ತಿರುಗಿಸಿ ನೋಡ್ಬೇಕಾ ನಿಂಗೆ?” ಎಂದು ಗದರಿದಳು. ಆದರೆ ಮುಖ ನನ್ನ ಕಡೆ ಇರಲಿಲ್ಲ. ಕಾರ್ಡುಗಳ ಅಂಚು ಸರಿಮಾಡುತ್ತಿದ್ದಳು, ಆಗಲೇ ಸರಿಯಾಗಿದ್ದವನ್ನು.

ಹನ್ನೊಂದು ದಿನ ನಾನು ಕೇಳದೆ ಉಳಿಸಿದ್ದ ಮಾತು ಆಗ ಬಾಯಿಗೆ ಬಂತು. “ಅತ್ತಿಗೆ, ಕಾರ್ಡು ಹಾಳಾಗಿ ಹೋಗಲಿ. ನಿಂಗೆ ಹೋಗ್ಬೇಕು ಅಂತಿದೆಯಾ?”

ಅವಳು ಕಟ್ಟನ್ನು ಮೇಜಿನ ಮೇಲಿಟ್ಟಳು.

“ಇದೆ ಕಣೇ,” ಎಂದಳು. “ತುಂಬಾ ಇದೆ. ಹತ್ತಿರದ್ದು ಕಾಣೋ ಗಾಜು ಮಾಡಿ ಮಾಡಿ ಸಾಕಾಗಿದೆ. ದೂರದ್ದು ಕಾಣೋದು ಮಾಡಬೇಕು. ಆದ್ರೆ ನಿನ್ನ ಮುಖ ನೋಡ್ಕೊಂಡು ಅದನ್ನ ಹೇಗೆ ಹೇಳ್ಲಿ? ನಿನ್ನಣ್ಣ ಹೋದಾಗ ನೀನು ನನ್ನ ಸೆರಗು ಹಿಡ್ಕೊಂಡು ಮಲಗಿದ್ದೆ, ಇಪ್ಪತ್ತೇಳು ವರ್ಷದ ಕತ್ತೆ.”

“ಇವಾಗ ಮೂವತ್ತನಾಲ್ಕರ ಕತ್ತೆ,” ಎಂದೆ. ನಗಬೇಕೆಂದು ಹೊರಟ ದನಿ ಅರ್ಧಕ್ಕೇ ಒಡೆಯಿತು. ಅವಳು ಎದ್ದು ಬಂದು ನನ್ನ ತಲೆಯನ್ನು ಹೊಟ್ಟೆಗೆ ಒತ್ತಿಕೊಂಡಳು. ಅವಳ ಸೀರೆಗೆ ಗಾಜು ಉಜ್ಜುವ ಪುಡಿಯ ವಾಸನೆ.

ಮಾರನೆಯ ಬೆಳಿಗ್ಗೆ ಲಕೋಟೆಯನ್ನು ಟಪಾಲಿಗೆ ಹಾಕಿದವಳು ನಾನು. ಅವಳೇ ಹಾಕುತ್ತೇನೆಂದಳು, ನಾನು ಕೊಡಲಿಲ್ಲ. ಪೆಟ್ಟಿಗೆಯ ಬಾಯಿಯಲ್ಲಿ ಒಂದು ಕ್ಷಣ ಹಿಡಿದೇ ಇದ್ದೆ ಎಂಬುದನ್ನೂ ಹೇಳಿಬಿಡಬೇಕು. ಆಮೇಲೆ ಬಿಟ್ಟೆ. ತಿಂಗಳ ಕೊನೆಗೆ ಅವಳು ಹೋದಳು. ಈಗ ವಾರಕ್ಕೊಂದು ಕಾಗದ ಬರುತ್ತದೆ. ಮೊದಲ ದುರ್ಬೀನಿನ ಗಾಜನ್ನು ಮೂರು ಸಲ ಉಜ್ಜಿ ಕೆಡಿಸಿದಳಂತೆ, ನಾಲ್ಕನೆಯದರಲ್ಲಿ ಹಡಗಿನ ಮೇಲಿದ್ದವನ ಮೀಸೆ ಕಂಡಿತಂತೆ.

ಅಜ್ಜಿಗೆ ಇದನ್ನೆಲ್ಲ ಹೇಳಿದಾಗ ಅವರು ತುಂಬ ಪ್ರಶ್ನೆ ಕೇಳಿದರು: ಯಾವ ಬೆರಳು, ಕಣ್ಣು ಮುಚ್ಚಿದ್ದಳೇ, ದಿನವೂ ಕಿಟಕಿಯನ್ನೇ ನೋಡುತ್ತಿದ್ದಳೇ ಎಂದು. ನನಗೆ ಗೊತ್ತಿದ್ದಷ್ಟು ಹೇಳಿದೆ. “ಅಂದ್ರೆ ಕಾರ್ಡು ಅವಳನ್ನ ಕಳಿಸಿತಾ, ಅವಳು ಕಾರ್ಡನ್ನ ಕರೆಸಿದಳಾ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಎದ್ದುಹೋದರು.

ಅತ್ತಿಗೆ ತಿಳಿದೇ ದೋಣಿಯನ್ನು ಎಳೆಯುತ್ತಿದ್ದಳೇ ಎಂಬುದು ನನಗೆ ಗೊತ್ತಿಲ್ಲ. ಒಂದು ಕಾಗದದಲ್ಲಿ ಕೇಳಿದ್ದೆ, ಅವಳು ಅಲ್ಲಿನ ಗಾಳಿಯ ಬಗ್ಗೆ ಬರೆದಳು. ಆ ಸಂಜೆ ನಾನು ಬಾಯಿ ಬಿಟ್ಟದ್ದು ಸತ್ಯ ಹೇಳಬೇಕೆಂದೋ ಅವಳನ್ನು ಉಳಿಸಿಕೊಳ್ಳಬೇಕೆಂದೋ, ಅದೂ ಗೊತ್ತಿಲ್ಲ.